ನೋರಾ ಅಜ್ಜಿಯ ಮುಂಗಡ ಅಳು

ಮ್ಯೂನಿಕ್, 13 ಏಪ್ರಿಲ್ 2002, ಶನಿವಾರ
ಮೆಟ್ಟಿಲು ಒರೆಸುವ ಸರದಿ ಈ ವಾರ ನಮ್ಮದು. ಒರೆಸಿದೆ. ಕೆಳಮನೆಯ ನೋರಾ ಅಜ್ಜಿ ತಪಾಸಣೆಗೆ ಬಂದರು. ಮನೆಯೊಡತಿ. ಐರ್ಲೆಂಡಿನವರು, ವಯಸ್ಸು ಎಪ್ಪತ್ತೊಂಬತ್ತು. ಜರ್ಮನನನ್ನು ಮದುವೆಯಾಗಿ ಇಲ್ಲಿಗೆ ಬಂದು ಐವತ್ತು ವರ್ಷ, ಗಂಡ ತೀರಿ ಹನ್ನೆರಡು. ಮೆಟ್ಟಿಲು ಪಾಸ್. ಕೈಗೊಂದು ಫಾರ್ಮ್ ಕೊಟ್ಟರು. ಚರ್ಚಿನದು. ಶವಸಂಸ್ಕಾರಕ್ಕೆ ಯಾವ ಹಾಡು ಬೇಕೆಂದು ಬರೆಯಲು.
"ಯಾರದು?"
"ನನ್ನದು."
ಆರೋಗ್ಯ ನನಗಿಂತ ಚೆನ್ನಾಗಿದೆ. ಸೈಕಲ್ ಹೊಡೆಯುತ್ತಾರೆ. ಆದರೆ ಈ ದೇಶದಲ್ಲಿ ಫಾರ್ಮ್ ತುಂಬದೆ ಸಾಯುವವರು ಅನಾಗರಿಕರು.
"ನೀನು ಕಂಪ್ಯೂಟರಿನವನು. ಅಪ್ಪಟ ಐರಿಷ್ ಭಕ್ತಿಸಂಗೀತ ಹುಡುಕಿಕೊಡು. ಇಲ್ಲದಿದ್ದರೆ ಇವರು ಆರ್ಗನ್ ಕುಯ್ಯೆನಿಸಿ ಹೂಳಿಬಿಡುತ್ತಾರೆ."
ಜರ್ಮನಿ ಕಂಪ್ಯೂಟರಿನವರನ್ನು ಕರೆದು ಗ್ರೀನ್ ಕಾರ್ಡ್ ಕೊಟ್ಟದ್ದು ಇದಕ್ಕೇ ಇರಬೇಕು.

20 ಏಪ್ರಿಲ್
ಮೂರು ಸಿಡಿ ಒಯ್ದೆ. ಮೂರಕ್ಕೂ ಹಸಿರು ಹೊದಿಕೆ. ಮೊದಲನೆಯದು— "ಇದು ಇಂಗ್ಲಿಷರ ರಾಗ." ಎರಡನೆಯದು— "ಅಮೆರಿಕದವರು. ಐರ್ಲೆಂಡ್ ನೆನೆದು ಅಳುವವರು ಐರ್ಲೆಂಡಿನಲ್ಲಿರುವುದಿಲ್ಲ." ಮೂರನೆಯದನ್ನು ತಿರುಗಿಸಿ ನೋಡಿದರು. ತಯಾರಿಕೆ: ಡ್ಯುಸೆಲ್ಡಾರ್ಫ್. ಪಕ್ಕಕ್ಕಿಟ್ಟರು. ಕೇಕ್ ಕೊಟ್ಟರು.

5 ಮೇ, ಭಾನುವಾರ
ಅಜ್ಜಿ ನನ್ನ ಅತ್ತೆ ಬಸವ್ವನವರನ್ನೂ ಕಾಫಿಗೆ ಕರೆದಿದ್ದರು. ಮಗಳು, ಅಂದರೆ ನನ್ನ ಹೆಂಡತಿ ಗಗನಾಳನ್ನು ನೋಡಲು ಹಾವೇರಿಯಿಂದ ಬಂದಿದ್ದಾರೆ. ಮೂರು ತಿಂಗಳ ವೀಸಾ. ನಾನು ದುಭಾಷಿ.
ಅಜ್ಜಿ ಹೇಳಿದರು— ಹೆಣದ ಸುತ್ತ ಹೆಂಗಸರು ಕೂತು, ಸತ್ತವರ ಗುಣ ಹಾಡಿ ಅಳುವುದಿತ್ತಂತೆ. ಅವರ ಅಜ್ಜಿಗೆ ಬರುತ್ತಿತ್ತಂತೆ. "ಪಾದ್ರಿಗಳು ಬಿಡಿಸಿದರು. ನನಗೆ ಅದಕ್ಕಿಂತ ಪವಿತ್ರವಾದದ್ದು ಇಲ್ಲ." ಕಣ್ಣು ಮುಚ್ಚಿ ಎರಡು ಸಾಲು ಹಾಡಿದರು.
ಅತ್ತೆ ಚಕ್ಕುಲಿ ಕೆಳಗಿಟ್ಟರು.
"ಏನ್ರಿ ಅಳಿಯಂದ್ರ, ಇದು ನಮ್ಮ ಹಾಡ್ಯಾಡಿ ಅಳೂದಲ್ಲೇನು?"
ಆ ವಿದ್ಯೆಯಲ್ಲಿ ಅತ್ತೆಯ ಹೆಸರು ಏಳು ಹಳ್ಳಿಗೆ. ಅವರು ಅತ್ತರೆ ದಾಯಾದಿಗಳೂ ಅಳುತ್ತಾರೆಂದು ಪ್ರತೀತಿ. ಒಂದು ಸಾಲು ಎಳೆದು ತೋರಿಸಿದರು. ಅಜ್ಜಿ ಫಾರ್ಮ್ ಎತ್ತಿಕೊಂಡು ಬರೆದರು: ಬಸವ್ವ.
"ಇವರು ಐರಿಷ್ ಅಲ್ಲವಲ್ಲ?" ಎಂದೆ.
"ಇಷ್ಟು ಐರಿಷ್ ಅಳು ಕೇಳಿ ಅರವತ್ತು ವರ್ಷವಾಯಿತು."

10 ಮೇ
ಚರ್ಚಿನಿಂದ ಫಾರ್ಮ್ ವಾಪಸ್. ಜೊತೆಗೆ ವಿನಯದ ಟಿಪ್ಪಣಿ— 'ಬಸವ್ವ' ಎಂಬ ಕೀರ್ತನೆ ನಮ್ಮ ಪುಸ್ತಕದಲ್ಲಿ ಸಿಗುತ್ತಿಲ್ಲ, ದಯವಿಟ್ಟು ಸಂಖ್ಯೆ ತಿಳಿಸಿ.

2 ಜೂನ್
ತೊಡಕು. ಅತ್ತೆಯ ವೀಸಾ 21ಕ್ಕೆ ಮುಗಿಯುತ್ತದೆ. ಅಜ್ಜಿ ಮುಗಿಯುವ ಲಕ್ಷಣವಿಲ್ಲ. ಮೊನ್ನೆ ಸೈಕಲ್ಲಿಗೆ ಹೊಸ ಟೈರ್ ಹಾಕಿಸಿದರು.
"ಆವಾಗ ಅವ್ವನ್ನ ಮತ್ತ ಕರಸಿದ್ರಾತು" ಎಂದಳು ಗಗನಾ.
"ವೀಸಾ ಬರೂತನಕಾ ಆಕಿ ಹಂಗ ಕುಂತಿರ್ತಾಳೇನು?" ಎಂದರು ಅತ್ತೆ.
ಅಜ್ಜಿಗೆ ತಿಳಿಸಿದೆ. ತಮಾಷೆ ಮಾಡಲಿಲ್ಲ. "ಮಗನಿಗೆ ನನ್ನ ಭಾಷೆ ಬರುವುದಿಲ್ಲ. ಹೆಸರು ಹಿಡಿದು ಅಳುವವರು ಒಬ್ಬರಾದರೂ ಇರಲಿ ಅಂದುಕೊಂಡಿದ್ದೆ."
ಅದನ್ನು ಅತ್ತೆಗೆ ಹೇಳಿದೆ. ಸ್ವಲ್ಪ ಹೊತ್ತು ಅಕ್ಕಿ ಆರಿಸಿದರು.
"ಈಗ ಅತ್ತು ಹೋಗ್ತೀನಿ. ಕೇಳಾಕ ಆಕೀನೂ ಇರ್ತಾಳ. ಯಾರಿಗೈತ್ರಿ ಆ ಭಾಗ್ಯ?"

16 ಜೂನ್, ಭಾನುವಾರ, ಸಂಜೆ 5
ಕಾರ್ಯ ಸಾಂಗವಾಯಿತು. ಅಜ್ಜಿ ಸೋಫಾದ ಮೇಲೆ ಮಲಗಹೊರಟರು. ಅತ್ತೆ ಎಬ್ಬಿಸಿ ಕುರ್ಚಿಗೆ ಕೂಡಿಸಿದರು. "ನಮ್ಮಲ್ಲಿ ಕುಂದ್ರಿಸಿ ಅಳೂದು." ಕೊರಳಿಗೆ ಬಾಲ್ಕನಿಯ ಜೆರೇನಿಯಂ ಮಾಲೆ. ಅಜ್ಜಿಗೆ ನಗು ತಡೆಯಲಾಗಲಿಲ್ಲ.
"ಸತ್ತೋರು ನಗಬಾರ್ದಂತ ಹೇಳ್ರಿ."
ಹೇಳಿದೆ. ಅತ್ತೆ ಶುರು ಮಾಡಿದರು— "ಸೈಕಲ್ಲು ಹತ್ತಿ ಬರುವಾಕೀ ನನ್ನವ್ವಾ... ಮೆಟ್ಟಿಲ ಧೂಳಾ ಬೆರಳೀಲೆ ನೋಡುವಾಕೀ ನನ್ನವ್ವಾ... ಸಮುದ್ರ ದಾಟಿ ಬಂದಾಕಿ, ನಿನ್ನ ಮಾತ ಆಡವರಿಲ್ಲದ ಊರಾಗ ಹೆಂಗಿದ್ದೀ..."
ಎರಡು ಸಾಲು ಅನುವಾದಿಸಿದೆ. ಮೂರನೆಯದಕ್ಕೆ ಕನ್ನಡಕ ಒರೆಸುವ ಕೆಲಸ ಬಂತು. ಅಜ್ಜಿ ಅನುವಾದ ಬೇಡವೆಂದು ಕೈ ಆಡಿಸಿದರು. ನಗುತ್ತಲೂ ಇದ್ದರು, ಅಳುತ್ತಲೂ ಇದ್ದರು. ಹೆಣಕ್ಕೆ ಎರಡೂ ನಿಷಿದ್ಧ.
ಆಮೇಲೆ ಕಾಫಿ. ಸತ್ತವರೇ ಬಡಿಸಿದರು. ಫಾರ್ಮಿನಲ್ಲಿ ಬರೆದರು: ಆರ್ಗನ್ ನಿಮ್ಮಿಷ್ಟ. ಅಳು ಆಗಿದೆ.

21 ಜೂನ್, ಬೆಳಿಗ್ಗೆ 10
ಏರ್‌ಪೋರ್ಟಿಗೆ ಹೊರಡಬೇಕು. ಸೂಟ್‌ಕೇಸ್ ಬಾಗಿಲಲ್ಲಿದೆ, ಅತ್ತೆ ಇಲ್ಲ. ಕೆಳಗಿನಿಂದ ಹಾಡು. ಇಣುಕಿದೆ. ಅದೇ ಕುರ್ಚಿ. ಕೂತವರು ಅತ್ತೆ— ಸೆರಗು ಹೊದ್ದು, ಕಣ್ಣು ಮುಚ್ಚಿ, ಬಹಳ ಶಿಸ್ತಿನ ಹೆಣ. ಎದುರಿಗೆ ಅಜ್ಜಿ, ಐರಿಷಿನಲ್ಲಿ. ನನಗೆ ತಿಳಿದದ್ದು ಮೂರೇ ಮಾತು: ಬಸವ್ವ, ಹಾವೇರಿ, ಚಕ್ಕುಲಿ.
ಗಗನಾ ಗಡಿಯಾರ ತೋರಿಸಿದಳು.
"ತಡೀರಿ" ಎಂದಿತು ಹೆಣ. "ಇನ್ನೂ ನನ್ನ ಗುಣ ಮುಗದಿಲ್ಲ."
ರೈಲು ಇಪ್ಪತ್ತು ನಿಮಿಷಕ್ಕೊಂದು ಇದೆ. ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ದನಿ ಮತ್ತೆ ಏರಿತು. ಈ ಸಲ ಇಬ್ಬರದೂ—