ಹೆಸರು ಬರೆದಿಟ್ಟ ಪುಟ

ಶಾಲಾ ಪತ್ರಿಕೆಯ ಮೇಡಂ ಅವರಿಗೆ,

ನಮಸ್ಕಾರ. ಮೂರು ವರ್ಷಗಳಲ್ಲಿ ವರದಿಗಾರ್ತಿಯಾಗಿ ಹೇಗೆ ಬೆಳೆದೆ ಎಂದು ಕೊನೆಯ ಸಂಚಿಕೆಗೆ ಒಂದು ಪುಟ ಬರೆಯಲು ಹೇಳಿದ್ದಿರಿ. ಎಂಟನೇ ತರಗತಿಯಲ್ಲಿ ನಾನು ಯಾವ ವರದಿಯನ್ನಾದರೂ ‘ಎಲ್ಲರೂ ಸಂತೋಷಪಟ್ಟರು’ ಎಂದೇ ಮುಗಿಸುತ್ತಿದ್ದೆ. “ಎಲ್ಲರೂ ಅಂದ್ರೆ ಯಾರೇ? ಹೋಗಿ ಕೇಳ್ಕೊಂಡು ಬಾ” ಎಂದು ನೀವು ಅಟ್ಟುತ್ತಿದ್ದಿರಿ. ಕೇಳುವುದು ಹಾಗೆ ಅಭ್ಯಾಸವಾಯಿತು.

ಈಗ ನಿಮ್ಮನ್ನೇ ಕೇಳಬೇಕಾಗಿದೆ. ಕುಡಿಯುವ ನೀರಿನ ತೊಟ್ಟಿ ತೊಳೆದು ವರ್ಷವಾಯಿತೆಂದು ನನಗೆ ಹೇಳಿದ್ದು ಕಸ ಗುಡಿಸುವ ಆಯಮ್ಮ. “ಹೆಸರು ಮಾತ್ರ ಹಾಕ್ಬೇಡ ತಾಯಿ, ನನ್ನ ಹೊಟ್ಟೆ ಮೇಲೆ ಹೊಡೀಬೇಡ” ಅಂದಿದ್ದರು. ವರದಿಯಲ್ಲಿ ಹಾಕಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟೆ. ಅದು ನನ್ನ ತಪ್ಪು. ಸೋಮವಾರ ವರದಿಯ ಜೊತೆ ತಾಳೆ ನೋಡಲೆಂದು ಆ ಪುಸ್ತಕವನ್ನು ನಿಮಗೊಬ್ಬರಿಗೇ ಕೊಟ್ಟೆ. ವರದಿ ಇನ್ನೂ ಅಚ್ಚಾಗಿಲ್ಲ, ಮಂಗಳವಾರವೇ ಮುಖ್ಯೋಪಾಧ್ಯಾಯಿನಿ ಆಯಮ್ಮನನ್ನು ಕೆಲಸದಿಂದ ತೆಗೆದರು. ಬುಧವಾರ ಪುಸ್ತಕ ವಾಪಸ್ ಕೇಳಿದಾಗ, “ಏನೇ ಪತ್ತೇದಾರಿ, ಅಷ್ಟೊಂದು ಅವಸರಾನಾ?” ಎಂದು ನಕ್ಕಿರಿ. ನನ್ನ ಮುಖ ಮಾತ್ರ ನೋಡಲಿಲ್ಲ.

ಪುಸ್ತಕ ನಿಮ್ಮ ಮೇಜಿನ ಮೇಲಿದ್ದಾಗ ಬೇರೆ ಯಾರೋ ತೆರೆದು ನೋಡಿರಬಹುದು. ಹಾಗೆ ನಂಬಲು ನಿನ್ನೆಯಿಂದ ಹೆಣಗುತ್ತಿದ್ದೇನೆ. ಆಗುತ್ತಿಲ್ಲ.

ನಾಳೆ ಮೊದಲ ಪಾಠಕ್ಕೆ ಮುಂಚೆ ಮುಖ್ಯೋಪಾಧ್ಯಾಯಿನಿಯವರ ಕೋಣೆಗೆ ಹೋಗಿ, ಆಯಮ್ಮನನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಕೇಳುತ್ತೇನೆ. ಹೆಸರು ಹೇಳಿದ್ದು ನೀವಲ್ಲದಿದ್ದರೆ ದಯವಿಟ್ಟು ನನ್ನ ಜೊತೆ ಬನ್ನಿ. ನೀವೇ ಆಗಿದ್ದರೂ ಬನ್ನಿ.

ಇಂತಿ,
ನಿಮ್ಮ ಹತ್ತನೇ ತರಗತಿಯ ವರದಿಗಾರ್ತಿ