ಬೆರಿಲ್ ಬಳಿ ಅಳತೆ ಕೊಟ್ಟ ದಿನ

ವಾಲ್ಸಾಲ್,
ಭಾನುವಾರ, 10 ಮಾರ್ಚ್ 2019

ನನ್ನ ಮುದ್ದು ಮೊಂಡ ಟ್ರೆವರ್,

ಲಕೋಟೆ ನೋಡಿ ಗಾಬರಿಯಾಗಿರುತ್ತೀಯ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾನು ನಿನಗೆ ಬರೆದದ್ದೆಲ್ಲ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳೇ. ಹಾಲು ತಾ, ಕಸದ ಡಬ್ಬಿ ಹೊರಗಿಡು. ಯಾರೂ ಸತ್ತಿಲ್ಲ, ಮನೆಗೆ ಬೆಂಕಿ ಬಿದ್ದಿಲ್ಲ. ಟೀಗೆ ನೀರಿಟ್ಟು, ಆ ಕ್ಯಾರವಾನಿನ ಕಿಟಕಿ ಪಕ್ಕ ಕೂತು ಕೊನೆಯವರೆಗೂ ಓದು. ಮಧ್ಯದಲ್ಲಿ ಎದ್ದು ಸಮುದ್ರದ ಕಡೆ ನಡೆದುಬಿಡಬೇಡ, ನಿನ್ನ ಬುದ್ಧಿ ನನಗೆ ಗೊತ್ತು.

ಫೋನು ಮಾಡಬಹುದಿತ್ತು. ಆದರೆ ನೀನು "ಹೇಗಿದೀಯೆ?" ಅಂದ ತಕ್ಷಣ ನನ್ನ ಬಾಯಿಗೆ "ಚೆನ್ನಾಗಿದೀನಪ್ಪ, ನಂಗೇನಾಗಿದೆ" ಅಂತಲೇ ಬರುತ್ತದೆ. ಆ ಬಾಯಿಯ ಮೇಲೆ ನನಗೇ ನಂಬಿಕೆ ಹೋಗಿದೆ. ಅದಕ್ಕೇ ಕೈಯಲ್ಲಿ ಬರೆಯುತ್ತಿದ್ದೇನೆ. ಕೈ ಸರಿಹೋಗಿದೆ. ಈ ವಾರ ಕೆಲಸಕ್ಕೆ ಮರಳಿ ಎರಡು ಪೂಡಲ್, ಒಂದು ಕೊಳಕು ಸ್ಪೇನಿಯಲ್‌ಗೆ ಕ್ಷೌರ ಮಾಡಿದೆ. ಕತ್ತರಿ ಒಂದು ಸಲವೂ ಜಾರಲಿಲ್ಲ, ನಾಯಿಗಳ ಕಿವಿಗಳೂ ಅವುಗಳ ಬಳಿಯೇ ಉಳಿದಿವೆ.

ವಿಷಯಕ್ಕೆ ಬರುತ್ತೇನೆ. ಗುರುವಾರ ನಾನು ಬೆರಿಲ್ ಅಂಗಡಿಗೆ ಹೋಗಿದ್ದೆ.

ಹೌದು, ಆ ಬೆರಿಲ್ಲೇ. ಮುಂದಿನ ಕೋಣೆಯಲ್ಲಿ ಕುದುರೆಗೆ ಜೀನು ಲಗಾಮು ಹೊಲಿಯುವವರು, ಹಿಂದಿನ ಕೋಣೆಯಲ್ಲಿ ಮೂವತ್ತು ವರ್ಷದಿಂದ ಮನುಷ್ಯರಿಗೆ ಹೊಲಿಯುವವರು. ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಬಿಟ್ಟರೆ "ನಿನಗೆ ಹೇಗೆ ಗೊತ್ತಾಯ್ತು?" ಅಂತ ಕೇಳುತ್ತಾರಲ್ಲ. ನೀನು ಕಟ್ಟುವುದು, ನಾನು ಕಟ್ಟಿಸಿಕೊಳ್ಳುವುದು ಅಂತ ನಮ್ಮ ಮಲಗುವ ಕೋಣೆಯ ಆಟ ಶುರುವಾಗಿ ಹನ್ನೊಂದು ವರ್ಷ ಆಯಿತು. ಕೇಳಿ ಶುರುಮಾಡಿಸಿದವಳು ನಾನು, ಅದನ್ನು ಮರೆಯಬೇಡ. ಅಷ್ಟೂ ವರ್ಷ ಆ ಅಂಗಡಿಯ ಮುಂದೆಯೇ ಹಾದುಹೋಗುತ್ತ, ಒಳಗೆ ಕಾಲಿಡಲು ನಾಚಿ, ಕಂಪ್ಯೂಟರಿನಲ್ಲಿ ಚಿತ್ರ ನೋಡಿ ಆ ಒಂದಂಗುಲದ ದರಿದ್ರ ಪಟ್ಟಿಗಳನ್ನು ತರಿಸಿಕೊಂಡೆವು. ಈ ಸಲ ನಾಯಿಗೆ ಪಟ್ಟಿ ಅಳತೆ ಕೊಡಲು ಹೋಗುತ್ತೇನೆ ಅಂತ ಅಕ್ಕ ಮೊರೀನ್‌ಗೆ ಹೇಳಿದೆ. "ನಿಮ್ಮನೇಲಿ ನಾಯಿ ಎಲ್ಲಿದೆಯೇ?" ಅಂದಳು. ಅದು ನನಗೆ ಹೊಳೆದಿರಲಿಲ್ಲ.

ಬೆರಿಲ್‌ಗೆ ಎಪ್ಪತ್ತೆರಡು ದಾಟಿದೆಯಂತೆ. ಕನ್ನಡಕ ದಾರದಲ್ಲಿ ನೇತಾಡುತ್ತಿರುತ್ತದೆ, ಹೆಬ್ಬೆರಳು ಬಣ್ಣ ಹಿಡಿದು ಕಪ್ಪಗಾಗಿದೆ. ತಲೆ ಎತ್ತದೆ, "ಯಾರಿಗಮ್ಮ, ಕುದುರೆಗೋ ನಿಂಗೋ?" ಅಂದರು. "ನಂಗೆ" ಅಂದೆ, ನನ್ನ ದನಿ ನನಗೇ ಕೇಳಿಸಲಿಲ್ಲ. "ಹಂಗಾದ್ರೆ ಹಿಂದಕ್ಕೆ ಬಾ. ಕೋಟು ಬಿಚ್ಚಿ ಆ ಮೊಳೆಗೆ ಹಾಕು, ನಾಚ್ಕೇನೂ ಅಲ್ಲೇ ನೇತಾಕು. ಎರಡೂ ಹೋಗ್ತಾ ತಗೊಂಡ್ ಹೋಗ್ಬಹುದು" ಅಂದರು.

ಹಳೆಯ ಪಟ್ಟಿ ಎಲ್ಲಿ ಸುತ್ತುತ್ತಿತ್ತು ಅಂತ ನನ್ನ ರಟ್ಟೆಯ ಮೇಲೆ ಬೆರಳಿನಿಂದ ಗೀಚಿ ತೋರಿಸಿದೆ. ಅವರು ಹಲ್ಲಿಯ ಹಾಗೆ ಲೊಚಗುಟ್ಟಿದರು. "ಒಂದಂಗುಲಾನಾ? ಅದೂ ಇಲ್ಲಿಗಾ? ರಟ್ಟೆ ಹೊರಮಗ್ಗುಲಲ್ಲಿ ನರ ಮೂಳೆಗೇ ಅಂಟ್ಕೊಂಡು ಹರಿಯತ್ತೆ ತಾಯಿ. ಅಲ್ಲಿ ಭಾರ ಕೂತ್ರೆ ಮಣಿಕಟ್ಟು ಸೋತು ಬೀಳತ್ತೆ. ನಿಂದೂ ಬಿತ್ತಾ?" ಅಂದರು. ಬಿತ್ತು, ಮೂರೂವರೆ ತಿಂಗಳು ಕೈ ಎತ್ತಲು ಆಗಲಿಲ್ಲ ಅಂದೆ. ಅವರು ಯಾರನ್ನೂ ಬಯ್ಯಲಿಲ್ಲ. ಒಂದು ಪೆಟ್ಟಿಗೆ ಎಳೆದು ಮೇಜಿನ ಮೇಲೆ ಸುರಿದರು.

ಟ್ರೆವರ್, ನೀನಿರಬೇಕಿತ್ತು. ತೊಗಲಿನ ವಾಸನೆಗೇ ನಿನಗೆ ಅರ್ಧ ಮತ್ತೇರುತ್ತಿತ್ತು. ಎದೆಗೆ ಹಾಕುವ ಹಾರ್ನೆಸ್ಸಿನ ಅಗಲ ಪಟ್ಟಿಗಳು ಎರಡೂ ಭುಜದ ಮೇಲಿಂದ ಇಳಿದು ಬೆನ್ನಲ್ಲಿ ಒಂದನ್ನೊಂದು ದಾಟಿ ಸೊಂಟಕ್ಕೆ ಬರುತ್ತವೆ. ಹಿಡಿತವೆಲ್ಲ ಮೈತುಂಬ ಹಂಚಿಹೋಗುತ್ತದೆ, ಒಂದೇ ಜಾಗ ಕೊರೆಯುವುದಿಲ್ಲ. ಕೈಪಟ್ಟಿ ಎರಡೂವರೆ ಅಂಗುಲ ಅಗಲ. ಅದನ್ನು ಬೆನ್ನ ಹಿಂದಕ್ಕಲ್ಲ, ಮುಂದೆ ಸೊಂಟಪಟ್ಟಿಯ ಬಳೆಗೆ ಸೇರಿಸುವುದು. "ಐವತ್ನಾಕು ವರ್ಷದ ಭುಜಾನ ಹಿಂದಕ್ಕೆ ತಿರುಚ್ಬೇಡಿ, ಅದು ಇಪ್ಪತ್ತರ ಹುಡುಗೀರ ಆಟ. ಕೈ ಮಡಿಲಲ್ಲಿದ್ರೂ ಬಿಚ್ಕೊಳ್ಳಕ್ಕಾಗ್ದೇ ಇದ್ರೆ ಕಟ್ಟಿದ ಹಾಗೇ ಅಲ್ವೇನೇ?" ಅಂದರು. ಇದು ನಮಗೆ ಹನ್ನೊಂದು ವರ್ಷದಲ್ಲಿ ಹೊಳೆದಿರಲಿಲ್ಲ ನೋಡು.

ಒಳಗಿನ ಲೈನಿಂಗಿಗೆ ಕುರಿಯುಣ್ಣೆ ಚೆಂದ ಅಂದೆ. ಬೆವರು ಕುಡಿದು ನಾರುತ್ತದೆ, ತೊಳೆಯಲಾಗದು ಅಂತ ಮೆತ್ತಗಿನ ಜಿಂಕೆ ಚರ್ಮ ಕೊಟ್ಟರು. ಅಗ್ಗದ ಓಲೆ ಹಾಕಿದರೆ ಕಿವಿ ಕೆರೆಯುತ್ತದಾ ಅಂತ ಕೇಳಿದರು. ಹೌದು ಅಂದದ್ದಕ್ಕೆ ಬಕಲ್ಲೆಲ್ಲ ಹಿತ್ತಾಳೆಯದು ಅಂತ ಬರೆದುಕೊಂಡರು. ಹಸಿರು ಬಣ್ಣ ಆಸೆಪಟ್ಟೆ. "ಹಸಿರು ಬಣ್ಣ ಬಿಳಿ ಹಾಸಿಗೆ ಮೇಲೆ ಬಿಡತ್ತೆ. ಆಮೇಲೆ ಕೇಳ್ದೋರಿಗೆ ಏನಂತೀಯ, ಹುಲ್ಲು ಮೇಯಿಸ್ತಿದ್ದೆ ಅಂತೀಯಾ?" ಅಂದರು. ಕೊನೆಗೆ ಕಡುಗಂದು ಅಂತಾಯಿತು. ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು, ತುದಿ ದುಂಡಗಿನ ಕತ್ತರಿ ಕೈಗೆಟುಕುವ ಹಾಗಿರಬೇಕು, ಕಟ್ಟಿದವರು ಕೋಣೆ ಬಿಟ್ಟು ಹೋಗಬಾರದು ಅಂದರು. ಕೊನೆಯದಕ್ಕೆ, "ನನ್ನ ಗಂಡ ಯಾವತ್ತೂ ಹೋಗಿಲ್ಲ" ಅಂತ ಜಂಬದಿಂದ ಹೇಳಿದೆ. ನಿನ್ನ ಹೊಗಳಿಕೆಯನ್ನು ಅಲ್ಲಿ ನಾನು ಬೇಕಾದಷ್ಟು ಮಾಡಿದ್ದೇನೆ, ಸುಮ್ಮನೆ ಓದು.

ಅಳತೆ ತೆಗೆಯುವಾಗ ಸಿಕ್ಕಿಬಿದ್ದೆ. ಟೇಪು ಸೊಂಟಕ್ಕೆ ಬಂದದ್ದೇ ತಡ, ಹೊಟ್ಟೆ ತಾನೇ ಒಳಗೆ ಹೋಯಿತು. ಬೆರಿಲ್ ಟೇಪು ಹಿಡಿದೇ ನಿಂತರು, ನಾನೂ ಉಸಿರು ಬಿಗಿಹಿಡಿದು ನಿಂತೆ. ಕೊನೆಗೆ, "ಕುದುರೆ ಹೊಟ್ಟೆ ಉಬ್ಬಿಸಿ ಸುಳ್ಳು ಹೇಳತ್ತೆ, ಹೆಂಗಸು ಹೊಟ್ಟೆ ಎಳ್ಕೊಂಡು ಸುಳ್ಳು ಹೇಳ್ತಾಳೆ. ಕುದುರೆ ಸುಳ್ಳಿಂದ ಮೇಲೆ ಕೂತೋನು ಬೀಳ್ತಾನೆ, ನಿನ್ನ ಸುಳ್ಳಿಂದ ನೀನೇ ಉಸಿರು ಕಟ್ಟಿ ಬೀಳ್ತೀಯ. ಬಿಡು ಹೊಟ್ಟೇನ" ಅಂದರು. ಬಿಟ್ಟೆ. ನಾಲ್ಕಂಗುಲ ಹೆಚ್ಚು ಬಂತು.

ಅವರ ಅಂಗಡಿಯಲ್ಲಿ ಎರಡು ಕಟ್ಟಳೆಗಳಿವೆ. ಕಟ್ಟುವವರು ಮೊದಲು ಅದನ್ನು ತಾವೇ ಹಾಕಿಕೊಂಡು ಕಾಲು ಗಂಟೆ ಕೂರಬೇಕು. ಕಟ್ಟಿಸಿಕೊಳ್ಳುವವರು ಎಲ್ಲ ಬಕಲ್ಲೂ ಬಿದ್ದ ಮೇಲೆ, ನಿಲ್ಲಿಸು ಅನ್ನುವುದಕ್ಕೆ ಗೊತ್ತುಮಾಡಿಕೊಂಡ ಮಾತನ್ನು ಒಂದು ಸಲ ಬಾಯಿಬಿಟ್ಟು ಹೇಳಬೇಕು. ಎರಡೂ ಆಗದೆ ಮಾಲು ಹೊರಗೆ ಹೋಗುವುದಿಲ್ಲ. ಮಾದರಿಯೊಂದನ್ನು ನನ್ನ ಸ್ವೆಟರಿನ ಮೇಲೇ ತೊಡಿಸಿ, ಕೈಗಳನ್ನು ಸೊಂಟಕ್ಕೆ ಸೇರಿಸಿ, "ನಿಮ್ಮ ಮಾತು ಯಾವ್ದು?" ಅಂದರು. ಬೀಟ್‌ರೂಟ್ ಅಂತ ಪಿಸುಗುಟ್ಟಿದೆ. "ಅದು ನಂಗೆ ತಿಳಿಸಿದ್ದು. ಈಗ ನಿಂಗೆ ಬಿಚ್ಚಬೇಕು ಅನ್ನಿಸ್ದಾಗ ಹೇಳು" ಅಂತ ಸ್ಟೂಲಿನ ಮೇಲೆ ಕೂತು ಟೀ ಕುಡಿಯತೊಡಗಿದರು.

ಹೇಳಲು ಆಗಲಿಲ್ಲ ಟ್ರೆವರ್. ಬಿಚ್ಚಬೇಕು ಅನ್ನಿಸಿತ್ತು, ಮೂಗು ಬೇರೆ ಕೆರೆಯುತ್ತಿತ್ತು. ಆದರೂ ಪಾಪ ಮುದುಕಿ ಈಗಷ್ಟೇ ಟೀ ಹಿಡಿದು ಕೂತಿದ್ದಾರೆ, ಕುಡಿದು ಮುಗಿಸಲಿ ಅಂತ ಕಾದೆ. ಕಾಯುತ್ತಲೇ ಗೊತ್ತಾಯಿತು, ನಾನು ಮಾಡುತ್ತಿರುವುದು ಏನು ಅಂತ. ಹನ್ನೊಂದು ವರ್ಷದಲ್ಲಿ ಆ ಮಾತನ್ನು ನಾನು ಒಂದು ಸಲವೂ ಹೇಳಿಲ್ಲ. ನೀನು ಅದನ್ನು ಹೆಮ್ಮೆಯಿಂದ ಎಣಿಸುತ್ತಿದ್ದೆ, ನಿನ್ನ ಕೈ ಅಷ್ಟು ನಾಜೂಕು ಅಂತ. ನಾನು ಬಿಡದೆ ತುಟಿ ಕಚ್ಚಿಕೊಂಡಿದ್ದೂ ಆ ಲೆಕ್ಕದಲ್ಲಿ ಸೇರಿತ್ತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಇಲ್ಲ. ಬೆರಿಲ್ ಕದಲಲಿಲ್ಲ. "ಅಳು ನನಗೆ ಲೆಕ್ಕಕ್ಕಿಲ್ಲಮ್ಮ. ಖುಷಿಗೂ ಅಳ್ತಾರೆ. ಮಾತು ಬೇಕು" ಅಂದರು. ಆಗ ಹೇಳಿದೆ. ಅವರ ಟೀ ಕಪ್ಪು ನೆಲಕ್ಕೆ ಉರುಳಿತು. ಒಂದೇ ಉಸಿರಿಗೆ ನಾಲ್ಕು ಬಕಲ್ಲೂ ಬಿಚ್ಚಿದ್ದವು. "ಮುಗೀತು ನೋಡು. ಸೂರು ಕಳಚಿ ಬಿತ್ತಾ?" ಅಂದರು.

ಈಗ ಅಕ್ಟೋಬರಿನ ಆ ಭಾನುವಾರ ಮಧ್ಯಾಹ್ನದ ಮಾತು. ಇದನ್ನು ಬರೆಯಲೆಂದೇ ಇಷ್ಟು ಸುತ್ತಿಬಳಸಿದ್ದು.

ಅವತ್ತು ನೀನು ನನ್ನನ್ನು ಮೂರು ಸಲ ಕೇಳಿದೆ, "ಕೈ ಬೆಚ್ಚಗಿದೆಯೇನೇ? ಜೋಮು ಹಿಡೀತಿಲ್ಲ ತಾನೆ?" ಅಂತ. ಮೂರು ಸಲವೂ ಚೆನ್ನಾಗಿದೆ ಅಂದೆ. ಎರಡನೆಯ ಸಲ ಕೇಳುವ ಹೊತ್ತಿಗೆ ಬಲಗೈಯ ಹಿಂಬದಿ ಪೂರ್ತಿ ಮರಗಟ್ಟಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೂ ಇನ್ನೂ ಇಪ್ಪತ್ತು ನಿಮಿಷ ಸುಮ್ಮನಿದ್ದೆ. ಯಾಕೆ ಅಂದರೆ ನೀನು ಶಿಳ್ಳೆ ಹಾಕುತ್ತಿದ್ದೆ. ಜೂನ್‌ನಲ್ಲಿ ನಿನ್ನ ಅಮ್ಮ ಹೋದ ಮೇಲೆ ಮನೆಯಲ್ಲಿ ನಿನ್ನ ಶಿಳ್ಳೆ ಕೇಳಿರಲಿಲ್ಲ. ನಾಲ್ಕು ತಿಂಗಳು ನನ್ನ ಎದುರೇ ಕೂತು ನೀನು ಎಲ್ಲೋ ಇದ್ದೆ, ಅವತ್ತು ವಾಪಸ್ ಬಂದಿದ್ದೆ. ಒಂದು ತರಕಾರಿಯ ಹೆಸರು ಹೇಳಿ ಅದನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಿಗೆ, ಕೈ ಮೈಯಡಿ ಮಡಿಸಿಕೊಂಡು ನಿದ್ದೆಹೋಗಿದ್ದೆ, ಅದಕ್ಕೇ ಹೀಗಾಯಿತು ಅಂದೆ. ಅದು ಹೊರಗಿನವರಿಗೆ ಹೇಳಿದ ಸುಳ್ಳು, ಹೋಗಲಿ. ಕಾರಿನಲ್ಲಿ ನೀನು ಸ್ಟಿಯರಿಂಗ್ ಹಿಡಿದು "ನಾನೇ ಬಿಗಿಯಾಗಿ ಎಳೆದೆ ಕಣೇ" ಅಂತ ಅತ್ತೆಯಲ್ಲ, ಆಗ ನಾನು ತುಟಿ ಬಿಚ್ಚಲಿಲ್ಲ. ಆ ಪಟ್ಟಿಗಳನ್ನು ನೀನು ಚೂರುಚೂರು ಕತ್ತರಿಸಿ ಕಸಕ್ಕೆ ಹಾಕಿದಾಗಲೂ, ಪಕ್ಕದ ಕೋಣೆಯಲ್ಲಿ ಮಲಗತೊಡಗಿದಾಗಲೂ, "ನನ್ನ ಕೈಗೆ ನಿನ್ನನ್ನ ಕೊಡಬಾರದು" ಅಂತ ಹೇಳಿ ಬಾರ್ಮತ್‌ನ ಆ ಕ್ಯಾರವಾನಿಗೆ ಬ್ಯಾಗು ಕಟ್ಟಿದಾಗಲೂ ಇಲ್ಲ. ಮಾತು ಬೆಳ್ಳಿ ಮೌನ ಬಂಗಾರ ಅನ್ನುತ್ತಾರೆ. ನಮ್ಮ ಮನೆಯನ್ನು ಮುಳುಗಿಸಿದ್ದು ಆ ಬಂಗಾರವೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಐದು ತಿಂಗಳು ನಿನಗೆ ಬರೆ ಬೀಳುವುದನ್ನು ನೋಡುತ್ತ ಕೂತೆ. ಹೇಳಿದರೆ ನೀನು ಸಿಟ್ಟಾಗಿ ಹೊರಟುಹೋಗುತ್ತೀಯ ಅಂತ ಹೆದರಿದ್ದೆ. ಹೇಳದಿದ್ದರೂ ನೀನು ಹೊರಟೇಹೋದೆ.

ನಿನ್ನ ಮೇಲೂ ನನಗೆ ಸಿಟ್ಟಿದೆ. ಸಾಕ್ಷಿಯನ್ನು ಕರೆಯದೆ ನಿನಗೆ ನೀನೇ ಶಿಕ್ಷೆ ಬರೆದುಕೊಂಡವನು ನೀನು. ಸಾಕ್ಷಿ ಅವಿತಿದ್ದಳು, ಒಪ್ಪುತ್ತೇನೆ, ಆದರೂ ಹುಡುಕಬಹುದಿತ್ತು. ನೀನು ಕೇಳಿದೆ, ನಾನು ಸುಳ್ಳು ಹೇಳಿದೆ. ನಿನ್ನ ಕೈ ಕೆಟ್ಟದ್ದಲ್ಲ. ಪಟ್ಟಿ ಕೆಟ್ಟದ್ದು, ನನ್ನ ಬಾಯಿ ಅದಕ್ಕಿಂತ ಕೆಟ್ಟದ್ದು.

ಇದನ್ನು ಓದಿ ನೀನು ಕೆಂಡವಾದರೆ ಆಗು. ಆ ಸಿಟ್ಟಿಗೆ ನಿನಗೆ ಹಕ್ಕಿದೆ. ಆದರೆ ಅದನ್ನು ಮನೆಗೆ ಬಂದು ಮಾಡು. ಇಪ್ಪತ್ಮೂರನೇ ತಾರೀಕು ಶನಿವಾರ ಹನ್ನೊಂದು ಗಂಟೆಗೆ ಬೆರಿಲ್ ನಿನಗೆ ಸಮಯ ಇಟ್ಟಿದ್ದಾರೆ. ನೀನು ಅದನ್ನು ಹಾಕಿಕೊಂಡು ಕಾಲು ಗಂಟೆ ಕೂರಬೇಕು, ನಿನ್ನ ಬಾಯಲ್ಲೂ ಬೀಟ್‌ರೂಟ್ ಹೇಳಿಸುತ್ತಾರಂತೆ. ಆ ದೃಶ್ಯಕ್ಕೆ ನಾನು ಬಿಸ್ಕತ್ತು ತರುತ್ತೇನೆ. ಇನ್ನು ಯಾವತ್ತೂ ಕಟ್ಟುವುದು ಬೇಡ ಅನ್ನಿಸಿದರೆ, ಅದಕ್ಕೂ ಸೈ. ಬೆರಿಲ್ ನಮಗೆಂದು ಕತ್ತರಿಸಿದ ತೊಗಲಿನಲ್ಲಿ ನಾಯಿಗೆ ಪಟ್ಟಿ ಮಾಡಿಸಿ ಒಂದು ನಾಯಿ ತರೋಣ. ಮೊರೀನ್‌ಗೆ ಹೇಳಿದ ಒಂದು ಮಾತಾದರೂ ನಿಜವಾಗಲಿ. ನನಗೆ ಬಕಲ್ಲಿನ ಹಂಬಲವಿದೆ, ಇಲ್ಲ ಅನ್ನುವುದಿಲ್ಲ. ನಿನ್ನ ಹಂಬಲ ಅದಕ್ಕಿಂತ ದೊಡ್ಡದು. ಹಾಸಿಗೆಯ ನಿನ್ನ ಮಗ್ಗುಲಲ್ಲಿ ಈಗ ಇಸ್ತ್ರಿ ಬಟ್ಟೆಯ ರಾಶಿ ಮಲಗುತ್ತದೆ, ಅದಕ್ಕೆ ಗೊರಕೆ ಬರುವುದಿಲ್ಲ, ನನಗೆ ನಿದ್ದೆ ಬರುವುದಿಲ್ಲ.

ನಿನ್ನನ್ನು ಬಿಟ್ಟಿರಲಾರದ, ಸುಳ್ಳಿಯಾದರೂ ನಿನ್ನವಳೇ ಆದ,
ಲಿನೆಟ್

ಮರೆತ ಮಾತು: ಲಕೋಟೆ ಅಂಟಿಸಿ ಅಂಚೆಡಬ್ಬಿಯವರೆಗೂ ಹೋಗಿದ್ದೆ. ವಾಪಸ್ ಬಂದು ಹರಿದು ಇದನ್ನು ಸೇರಿಸುತ್ತಿದ್ದೇನೆ. ಕೈ ಸರಿಹೋಗಿದೆ ಅಂತ ಮೊದಲನೇ ಹಾಳೆಯಲ್ಲೇ ಬರೆದೆನಲ್ಲ, ಪೂರ್ತಿ ಹೋಗಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ, ಹಿಂಬದಿಯಲ್ಲಿ, ಐದು ಪೆನ್ನಿ ನಾಣ್ಯದಷ್ಟಗಲ ಜಾಗ ಇನ್ನೂ ಜೋಮು. ಮುಟ್ಟಿದರೆ ತಿಳಿಯುವುದಿಲ್ಲ. ನಿನಗೆ ಬೇಸರವಾಗುತ್ತದೆ ಅಂತ ಬಚ್ಚಿಟ್ಟಿದ್ದೆ. ಬಂದಾಗ ಕೇಳು ಟ್ರೆವರ್, ಎಲ್ಲಿ ಅಂತ ತೋರಿಸುತ್ತೇನೆ.