ತಲೆಕೆಳಗಾದ ಹಿಮಯುಗ

ಅಕ್ಕಾ,

ಇಲ್ಲಿನ ತೊರೆ ನೀನು ದಾಟಿದರೆ ಸೀರೆಯ ಅಂಚೂ ನೆನೆಯದಷ್ಟು ಸಣ್ಣದು. ಕಣಿವೆ ಮಾತ್ರ ಅರ್ಧ ಮೈಲಿ ಅಗಲ. ಹಿಮಯುಗದ ಬೇಸಿಗೆಗಳಲ್ಲಿ ಹಿಮ ಕರಗಿದ ನೀರು ನುಗ್ಗಿ ಕೊರೆದು, ಜಲ್ಲಿ ಸುರಿದು ಹೋಯಿತಂತೆ. ಅದರ ಮೇಲಿನ ಕಪ್ಪು ಮಣ್ಣು ಆಮೇಲಿನದು. ಹನ್ನೊಂದು ದಿನ ಕೊಳವೆ ಇಳಿಸಿ ಮೇಲಿನ ಹುಲ್ಲಿನಿಂದ ತಳದ ಜಲ್ಲಿಯವರೆಗಿನ ಮಣ್ಣನ್ನು ಒಂದೇ ಕಂಬವಾಗಿ ಮುರಿಯದೆ ಮೇಲೆತ್ತಿದವಳು ನಾನು. ನಮ್ಮ ಭೂವಿಜ್ಞಾನ ತಂಡದ ಮುಖ್ಯಸ್ಥ ಮಹಾಶಯ ಅದನ್ನು ಪೆಟ್ಟಿಗೆಯಲ್ಲಿ ತಲೆಕೆಳಗಾಗಿ ಜೋಡಿಸಿ, ಜಲ್ಲಿಯೇ ಹೊಸದೆಂದು ವರದಿ ಬರೆದಿದ್ದಾನೆ! "ಸಾರ್, ಜಲ್ಲಿ ತಳದ್ದು" ಅಂದರೆ, "ಕೊರೆಯೋದಷ್ಟೇ ನಿನ್ನ ಕೆಲಸ, ಬಾಯಿ ಮುಚ್ಕೊಂಡಿರು" ಅಂದ.

ಕೆಮ್ಮು ಇಳಿದಿದೆ, ಸಿಟ್ಟು ಇಳಿದಿಲ್ಲ. ಉಣ್ಣೆಯ ಕಾಲುಚೀಲ ಕಳಿಸು. ಅವನು "ಅತಿ ಹಳೆಯದು" ಎಂದು ಚೀಟಿ ಅಂಟಿಸಿದ ತುದಿಯಲ್ಲಿ ನಾನು ತುಳಿದು ನಿಂತಿದ್ದ ಹುಲ್ಲು ಇನ್ನೂ ಹಸಿರಾಗಿದೆ, ಅಕ್ಕಾ!

ನಿನ್ನ ತಂಗಿ